ಅಕ್ಕನ ಕನಸು, ನನ್ನ ಸಾಕ್ಷಿ

ಇಂಡಿಗೆ ಹೋಗಲಿ, ಸಿಂದಗಿಗೆ ಹೋಗಲಿ, ಚಹಾದ ಬಟ್ಟಲು ಕೈಗೆ ಬರುವ ಮೊದಲೇ ಸಭೆಯ ಹೆಂಗಸರು ನನ್ನನ್ನು ಕೇಳುತ್ತಿದ್ದ ಮಾತು ಒಂದೇ. "ಅಕ್ಕಾರ, ನಿಮಗ ಕರೆ ಹ್ಯಾಂಗ ಬಂತು, ಅದನ್ನಷ್ಟ ಹೇಳ್ರಿ." ಕರೆ ಎಂದರೆ ದೇವರ ಕರೆ. ನಮ್ಮ ಸಣ್ಣ ಸಣ್ಣ ಕ್ರೈಸ್ತ ಸಭೆಗಳಲ್ಲಿ ಸೇವೆಗೆ ಬಂದವರು ಯಾರೇ ಇರಲಿ, ಊರು ಯಾವುದು, ಮದುವೆ ಆಗಿದೆಯೇ ಎನ್ನುವುದಕ್ಕಿಂತ ಮೊದಲು ಇದನ್ನು ಕೇಳುತ್ತಾರೆ. ನಾನು ಹೇಳುತ್ತಿದ್ದೆ. ಹನ್ನೆರಡು ವರ್ಷ ಹೇಳಿದೆ. ದನಿ ಇಳಿಸಬೇಕಾದಲ್ಲಿ ಇಳಿಸಿ, ನಿಲ್ಲಬೇಕಾದಲ್ಲಿ ನಿಂತು, ಚೆನ್ನಾಗಿಯೇ ಹೇಳುತ್ತಿದ್ದೆ. ಕೇಳಿದವರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಆದರೆ ಆ ಕರೆ ನನ್ನದಾಗಿರಲಿಲ್ಲ. ನನ್ನ ಅಕ್ಕನದು.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನನ್ನ ನಾಲಿಗೆ ನಡುವೆ ಎಲ್ಲೋ ಒಂದು ಕಡೆ ಕಥೆಯನ್ನು ತನಗೆ ಬೇಕಾದ ಹಾಗೆ ತಿರುಗಿಸಿಕೊಂಡುಬಿಡುತ್ತದೆ. ಅದಕ್ಕೆ ಆ ಚಟ ಇದೆ, ನನಗೆ ಗೊತ್ತು.

ನಮ್ಮ ಮನೆ ಇದ್ದದ್ದು ಬಸವನ ಬಾಗೇವಾಡಿಯಲ್ಲಿ. ಅಪ್ಪ ಕಾಲುವೆ ಕಚೇರಿಯಲ್ಲಿ ಪ್ಯೂನ್. ವಾರವೆಲ್ಲ ಆಲಮಟ್ಟಿಯಲ್ಲಿ, ರವಿವಾರ ಮಾತ್ರ ಮನೆಯಲ್ಲಿ. ಊರಲ್ಲಿ ಕ್ರೈಸ್ತರ ಮನೆಗಳು ಬೆರಳ ಮೇಲೆ ಎಣಿಸುವಷ್ಟು. ಓಣಿಯ ಜನ ನಮ್ಮ ಕ್ರಿಸ್‌ಮಸ್ಸಿನ ಕರ್ಚಿಕಾಯಿ ತಿನ್ನುತ್ತಿದ್ದರು, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ನಮಗೆ ಕಳಿಸುತ್ತಿದ್ದರು. ನಾವು ರವಿವಾರ ಮುಂಜಾನೆ ಒಬ್ಬರ ಪಡಸಾಲೆಯಲ್ಲಿ ಕೂತು ಹಾಡುವಾಗ ಪಕ್ಕದ ಮನೆಯವರು ರೇಡಿಯೋ ಸಣ್ಣಗೆ ಮಾಡುತ್ತಿದ್ದರು. ಅಷ್ಟೇ ನಮ್ಮ ಸಭೆ.

ಅಕ್ಕ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಅವಳಿಗೆ ಮಾತು ತೊದಲುತ್ತಿತ್ತು. ಒಂದು ಅಕ್ಷರಕ್ಕೆ ಬಂದು ನಿಂತರೆ ಕುತ್ತಿಗೆಯ ನರ ಉಬ್ಬಿ, ಕಣ್ಣು ಮುಚ್ಚಿ, ನೋಡುವವರಿಗೇ ಸಂಕಟವಾಗಬೇಕು. ಅಂಗಡಿಗೆ ಹೋದರೆ ಮಾತು ನನ್ನದು, ಚೀಲ ಅವಳದು. ಹಾಡುವಾಗ ಮಾತ್ರ ಅವಳ ನಾಲಿಗೆ ಎಲ್ಲೂ ತಡವರಿಸುತ್ತಿರಲಿಲ್ಲ. ನಾನೋ ಬಾಯಿಬಡಕಿ. "ಇಬ್ಬರ ಬಾಯಿನೂ ಇದಕೊಂದಕ್ಕ ಕೊಟ್ಟಾನ ದೇವರು," ಎಂದು ಅವ್ವ ಬಂದವರಿಗೆಲ್ಲ ನನ್ನನ್ನು ತೋರಿಸಿ ನಗುತ್ತಿದ್ದಳು. ಅಕ್ಕನೂ ನಗುತ್ತಿದ್ದಳು. ಅವಳು ಮಾತು ಮುಗಿಸುವ ತನಕ ಕಾಯಲು ನನಗೆ ತಾಳ್ಮೆ ಇರುತ್ತಿರಲಿಲ್ಲ. ಅವಳು ಶುರು ಮಾಡಿದ್ದನ್ನು ನಾನೇ ಮುಗಿಸಿಬಿಡುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಸರಿಯಾಗಿಯೇ ಮುಗಿಸುತ್ತಿದ್ದೆ. ಉಳಿದ ಎರಡು ಸಲ ಅವಳು ತಿದ್ದಲು ಹೋಗುತ್ತಿರಲಿಲ್ಲ.

ಅವ್ವನ ತವರು ಹಳೆಯ ಕೊಲ್ಹಾರ. ಆಣೆಕಟ್ಟಿನ ನೀರು ಏರುತ್ತದೆ ಎಂದು ಊರಿಗೆ ಊರೇ ಎದ್ದು ಹೊಸ ಜಾಗಕ್ಕೆ ಹೋಗುವ ಕಾಲ ಅದು. ನಾವು ಒಂದು ಬೇಸಿಗೆಯಲ್ಲಿ ಮಾವನ ಮನೆಯ ಸಾಮಾನು ಕಟ್ಟಲು ಹೋಗಿದ್ದೆವು. ಜನ ಬಾಗಿಲ ಚೌಕಟ್ಟು, ತೊಲೆ, ಬೀಸುವ ಕಲ್ಲು ಎಲ್ಲವನ್ನೂ ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ಎದುರು ಮನೆಯ ಒಬ್ಬ ಮುದುಕಿ ಮಾತ್ರ ಮಾಳಿಗೆ ಹತ್ತಿ, ಬೀದಿಗೆ ಬೆನ್ನು ಮಾಡಿ ಕೂತಿದ್ದಳು. ಮಕ್ಕಳು ಕರೆದರು, ಬೈದರು, ಕಡೆಗೆ ಅತ್ತರು. ಅವಳು ಇಳಿಯಲಿಲ್ಲ. ಸಂಜೆ ಇಬ್ಬರು ಹೋಗಿ ಎತ್ತಿಕೊಂಡು ಬಂದರು. ಅಕ್ಕ ದಿನವಿಡೀ ಕೆಳಗೆ ನಿಂತು ಅವಳನ್ನೇ ನೋಡುತ್ತಿದ್ದಳು.

ಮರುವರ್ಷದಿಂದ ಅಕ್ಕನಿಗೆ ಆ ಕನಸು ಬೀಳತೊಡಗಿತು. ಊರ ತುಂಬ ನೀರು. ಮನೆಗಳೆಲ್ಲ ಮುಳುಗಿ ಒಂದೇ ಒಂದು ಮಾಳಿಗೆ ಉಳಿದಿದೆ. ಅದರ ಮೇಲೆ ಒಬ್ಬ ಮುದುಕಿ ಬೆನ್ನು ಮಾಡಿ ಕೂತು, ತಿರುಗಿ ನೋಡದೆ, ಒಂದು ಕೈಯನ್ನು ಹಿಂದಕ್ಕೆ ಚಾಚಿದ್ದಾಳೆ. ಅಕ್ಕ ಸೊಂಟದ ತನಕ ನೀರಿನಲ್ಲಿ ನಡೆದು ಹೋಗುತ್ತಾಳೆ. "ಬಂದಿಯೇನವಾ?" ಎನ್ನುತ್ತಾಳೆ ಮುದುಕಿ. "ಬಂದೆ," ಎನ್ನುತ್ತಾಳೆ ಅಕ್ಕ. ಕೈಗೆ ಕೈ ತಾಗಬೇಕು, ಅಷ್ಟರಲ್ಲಿ ಎಚ್ಚರ. ತಿಂಗಳಿಗೆ ಒಮ್ಮೆ, ಕೆಲವು ಸಲ ಎರಡು ಬಾರಿ, ಇದೇ ಕನಸು. ಅವಳು ನನಗೊಬ್ಬಳಿಗೇ ಹೇಳಿದ್ದು. ಹೇಳಲು ಅರ್ಧ ಗಂಟೆ ತೆಗೆದುಕೊಂಡಳು. ಆ ಸಲ ಮಾತ್ರ ಅವಳ ಮಾತನ್ನು ನಾನು ನಡುವೆ ಮುಗಿಸಲಿಲ್ಲ, ಏಕೆಂದರೆ ಮುಂದೆ ಏನು ಬರುತ್ತದೋ ನನಗೆ ಗೊತ್ತಿರಲಿಲ್ಲ. ಮೈ ಜುಮ್ಮೆಂದಿತು. ಹೊಟ್ಟೆಕಿಚ್ಚೂ ಆಯಿತು. ನನಗೆ ಕನಸೇ ಬೀಳುತ್ತಿರಲಿಲ್ಲ. ತಲೆ ದಿಂಬಿಗೆ ಇಟ್ಟರೆ ಮುಂಜಾನೆ ಅವ್ವ ಬಯ್ಯುವ ತನಕ ಕಲ್ಲು.

"ಇ... ಇದು ಕರೆ ಇರಬಹುದೇನ?" ಎಂದಳು ಅಕ್ಕ. "ಸಾಯೋರ ಹ... ಹಂತೇಕ ಕೈ ಹಿಡದು ಕುಂತಿರಬೇಕು ಅಂತ ಅನಸ್ತೈತಿ ನನಗ."

ಈಗ ನಮ್ಮ ಒಂದು ಪದ್ಧತಿಯನ್ನು ಹೇಳಬೇಕು. ಸಭೆಯಲ್ಲಿ ಎದ್ದು ನಿಂತು ದೇವರು ತನಗೆ ಏನು ಮಾಡಿದ ಎಂದು ಹೇಳುವುದಕ್ಕೆ ಸಾಕ್ಷಿ ಎನ್ನುತ್ತೇವೆ. ಆದರೆ ಎಲ್ಲರಿಗೂ ಬಾಯಿ ಬರಬೇಕಲ್ಲ? ನಾಚುವ ಸೊಸೆಯರು, ಹಲ್ಲಿಲ್ಲದ ಮುದುಕಿಯರು, ಗಂಡಸರ ಎದುರು ದನಿ ಏಳದವರು ತುಂಬ ಇದ್ದರು. ಅಂಥವರ ಸಾಕ್ಷಿಯನ್ನು ಇನ್ನೊಬ್ಬರು ಎತ್ತಿ ಹೇಳುತ್ತಿದ್ದರು. ಅದಕ್ಕೊಂದು ಕಟ್ಟು ಇತ್ತು. ಯಾರ ಸಾಕ್ಷಿಯೋ ಅವರು ಎದ್ದು ನಿಲ್ಲಬೇಕು. ಎತ್ತಿ ಹೇಳುವವರು ಅವರ ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಡಬೇಕು, "ಇದು ಈಕಿ ಸಾಕ್ಷಿ" ಅನ್ನಬೇಕು, ಆಮೇಲೆ ಶುರು ಮಾಡಬೇಕು. ಹೆಗಲ ಮೇಲಿನ ಕೈಯನ್ನು ಮುಗಿಯುವ ತನಕ ತೆಗೆಯುವಂತಿಲ್ಲ. ಬೇರೆ ಕಡೆ ಈ ಪದ್ಧತಿ ಇದೆಯೋ ಇಲ್ಲವೋ ನಾನು ಕಾಣೆ. ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ನಮ್ಮ ಈ ನಾಲ್ಕು ತಾಲೂಕಿನ ಸಭೆಗಳಲ್ಲಿ ಇತ್ತು.

ತೊಂಬತ್ತರ ದಶಕದ ನಡುವೆ ಒಂದು ಸುಗ್ಗಿಯಲ್ಲಿ ಎಲ್ಲ ಸಭೆಗಳೂ ಸಿಂದಗಿಯಲ್ಲಿ ಸೇರಿದವು. ಕೃತಜ್ಞತೆಯ ಹಬ್ಬ. ಇಂಡಿಯವರು ಚೀಲ ಚೀಲ ನಿಂಬೆಹಣ್ಣು ತಂದಿದ್ದರು, ಉಳಿದವರು ಜೋಳದ ತೆನೆ, ಕಡಲೆ, ಉಳ್ಳಾಗಡ್ಡಿ. ಕಾಲು ಕಟ್ಟಿದ ನಾಲ್ಕು ಕೋಳಿಗಳು ಪೀಠದ ಪಕ್ಕ ಬಿದ್ದು ಕೊಕ್ಕೋ ಎನ್ನುತ್ತಿದ್ದವು. ಜಿಲ್ಲೆಯಿಂದ ದೊಡ್ಡ ಅಯ್ಯನವರು ಬಂದಿದ್ದರು. ಸಭೆ ನಡೆಸುವವರನ್ನು ನಾವು ಅಯ್ಯನವರು ಎನ್ನುತ್ತೇವೆ; ಇವರು ಅವರಿಗೆಲ್ಲ ಹಿರಿಯರು. ಸ್ತ್ರೀಯರ ಸೇವೆಗೆ ಮೂರು ವರ್ಷ ತರಬೇತಿ ಕೊಡುವ ವೇದಪಾಠ ಶಾಲೆಗೆ ನಮ್ಮ ನಾಲ್ಕು ತಾಲೂಕಿನಿಂದ ಒಬ್ಬ ಹುಡುಗಿಯನ್ನು ಆರಿಸುವುದು ಅವರ ಕೆಲಸ. ಕರೆ ಇದ್ದವರು ಸಾಕ್ಷಿ ಹೇಳಬೇಕು.

ಬಸ್ಸಿನಲ್ಲಿ ಬರುವಾಗ ಅಕ್ಕ ನನ್ನ ಕೈ ಹಿಡಿದುಕೊಂಡು, "ನೀ ಎ... ಎತ್ತಿ ಹೇಳು," ಎಂದಿದ್ದಳು. ನಾನು ಹೂಂ ಎಂದಿದ್ದೆ. ದೇವರಾಣೆ, ಆಗ ನನ್ನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ.

ಸೆಕೆಗೆ ಅಕ್ಕ ಹಿಂದೆ ಗೋಡೆಗೆ ಒರಗಿ ಕೂತಿದ್ದಳು. ನಾನು ಹುಡುಗಿಯರ ಜೊತೆ ಮುಂದೆ ಇದ್ದೆ. ನಡುವೆ ಜಮಖಾನದ ಮೇಲೆ ಒತ್ತೊತ್ತಾಗಿ ಕೂತ ಹೆಂಗಸರು. ದೊಡ್ಡ ಅಯ್ಯನವರು, "ಇನ್ನ ಯಾರಿಗೆ ಕರೆ ಐತಿ?" ಎಂದು ಕೇಳಿದಾಗ ನಾನು ಎದ್ದೆ. ಅಕ್ಕನ ತನಕ ಏಳೆಂಟು ಹೆಜ್ಜೆ ದಾಟಬೇಕಿತ್ತು. ಅಯ್ಯನವರು ಕನ್ನಡಕ ಸರಿ ಮಾಡಿಕೊಂಡು ನನ್ನ ಮುಖ ನೋಡಿದರು. ಅವರ ಕೈಯಲ್ಲಿ ಪೆನ್ಸಿಲ್ ಇತ್ತು, ತೊಡೆಯ ಮೇಲೆ ವಹಿ ಇತ್ತು. ಅಲ್ಲಿಯವರೆಗೆ ನನ್ನ ಹೆಸರು ಬರೆದುಕೊಳ್ಳಲು ಯಾರೂ ಹಾಗೆ ಪೆನ್ಸಿಲ್ ಎತ್ತಿ ಕಾದಿರಲಿಲ್ಲ. ಬಾಗೇವಾಡಿಯ ಆ ಎರಡು ಕೋಣೆಯ ಮನೆಯಿಂದ ಹೊರಗೆ ಹೋಗಬೇಕೆಂಬ ಆಸೆ ನನಗೆ ಎಷ್ಟಿತ್ತು ಎನ್ನುವುದು ಆ ಪೆನ್ಸಿಲ್ ನೋಡಿದಾಗಲೇ ನನಗೆ ತಿಳಿದದ್ದು. ನಾನು ಅಕ್ಕನ ಕಡೆ ಹೋಗಲಿಲ್ಲ. ನಿಂತಲ್ಲಿಂದಲೇ ಶುರು ಮಾಡಿದೆ. "ನನಗೊಂದು ಕನಸು ಬೀಳ್ತೈತ್ರಿ."

ಕಣ್ಣಂಚಿನಲ್ಲಿ ಅಕ್ಕ ಕಾಣಿಸಿದಳು. ಸೀರೆಯ ನಿರಿಗೆ ಒಟ್ಟು ಮಾಡಿ, ಗೋಡೆಗೆ ಕೈ ಕೊಟ್ಟು ಅರ್ಧ ಎದ್ದಿದ್ದಳು. ನಾನು ಬರುತ್ತೇನೆಂದು ಕಾಯುತ್ತಿದ್ದಳು. ನಾನು ನೀರಿನ ವಿಷಯ ಹೇಳುತ್ತಿದ್ದೆ. ಮುದುಕಿಯ ವಿಷಯಕ್ಕೆ ಬರುವ ಹೊತ್ತಿಗೆ ಅಕ್ಕ ಮೆಲ್ಲಗೆ ಕೆಳಗೆ ಕೂತಳು. ಪಕ್ಕದವರು ಅವಳು ಸೀರೆ ಸರಿ ಮಾಡಿಕೊಂಡಳು ಅಂದುಕೊಂಡಿರಬೇಕು. ನಾನು ನಿಲ್ಲಿಸಲಿಲ್ಲ. ಸಾಲದ್ದಕ್ಕೆ ಕಡೆಯಲ್ಲಿ, "ನಾ ಆ ಮುದುಕಿ ಕೈ ಹಿಡದೇರಿ," ಎಂದು ಸೇರಿಸಿಬಿಟ್ಟೆ. ಅಕ್ಕನ ಕನಸಿನಲ್ಲಿ ಒಂದು ಸಲವೂ ಆಗದಿದ್ದದ್ದು. ಸಭೆಯೆಲ್ಲ ಸ್ತೋತ್ರ ಎಂದಿತು. ಪೆನ್ಸಿಲ್ ವಹಿಗೆ ಇಳಿಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಕೂತಳು. ಮಾತಿಲ್ಲ. ಅವಳು ಮಾತಾಡದಿರುವುದು ಯಾರಿಗೂ ಹೊಸದಲ್ಲವಾದ್ದರಿಂದ ಅವ್ವನಿಗೆ ಏನೂ ಗೊತ್ತಾಗಲಿಲ್ಲ. ಅಪ್ಪ ಅಂತೂ ಆಲಮಟ್ಟಿಯ ಕಚೇರಿಯಲ್ಲೆಲ್ಲ ಪೇಢೆ ಹಂಚಿದ. ಮರುದಿನ ಮುಂಜಾನೆ ನಳದ ಹತ್ತಿರ ಅಕ್ಕನನ್ನು ಹಿಡಿದು ನಿಲ್ಲಿಸಿ ಕೇಳಿದೆ. "ಸಿಟ್ಟಾಗೀಯೇನ?" ಅವಳು ಇಲ್ಲ ಎಂದು ತಲೆ ಅಲ್ಲಾಡಿಸಿದಳು. ನನಗೇ ರೇಗಿತು. "ಸಿಟ್ಟು ಬಂದಿದ್ರ ಬಾಯಿ ಬಿಟ್ಟು ಬೈದುಬಿಡು! ಯಾಕ ಹಿಂಗ ನಿಂದರ್ತಿ?" ಎಂದು ಕೂಗಾಡಿದೆ. ಕದ್ದವಳು ನಾನು, ಬೈಸಿಕೊಂಡವಳು ಅವಳು. ಅಕ್ಕ ಕೊಡ ಎತ್ತಿಕೊಂಡು ಒಳಗೆ ಹೋದಳು. ಜೂನ್‌ನಲ್ಲಿ ನನ್ನ ಟ್ರಂಕನ್ನು ಕಟ್ಟಿದವಳೂ ಅವಳೇ.

ಶಾಲೆಯಲ್ಲಿ ಮೊದಲ ತಿಂಗಳೇ ದೊಡ್ಡ ಅಯ್ಯನವರಿಗೆ ಪತ್ರ ಬರೆದು ನಿಜ ಹೇಳಬೇಕು ಎಂದುಕೊಂಡೆ. ಆಮೇಲೆ ದಸರೆಯ ರಜೆಗೆ ಹೋದಾಗ ಎಂದುಕೊಂಡೆ. ಆಮೇಲೆ ಮೊದಲ ವರ್ಷ ಮುಗಿದ ಮೇಲೆ. ನಾನು ಪರೀಕ್ಷೆಗಳಲ್ಲಿ ಮುಂದಿದ್ದೆ, ಗುರುಗಳು ಮೆಚ್ಚುತ್ತಿದ್ದರು, ಹೇಳುವ ದಿನ ಬರಲಿಲ್ಲ. ಮೂರು ವರ್ಷ ಮುಗಿಸಿ ನಮ್ಮದೇ ನಾಲ್ಕು ತಾಲೂಕಿಗೆ ಸ್ತ್ರೀಯರ ಸೇವಕಿಯಾಗಿ ಬಂದೆ. ಸಿಂದಗಿಯಲ್ಲೊಂದು ಬಾಡಿಗೆ ಕೋಣೆ, ಹೆಗಲಿಗೊಂದು ಚೀಲ, ಕೈಯಲ್ಲೊಂದು ಛತ್ರಿ, ದಿನಕ್ಕೊಂದು ಬಸ್ಸು. ಸೋಮವಾರ ಇಂಡಿ, ಬುಧವಾರ ಸಿಂದಗಿ, ಶುಕ್ರವಾರ ಮುದ್ದೇಬಿಹಾಳ. ಮಕ್ಕಳಿಗೆ ಪಾಠ, ಹೆಂಗಸರ ಕೂಟ, ರೋಗಿಗಳ ಮನೆಗೆ ಭೇಟಿ. ಅಕ್ಕ ಬಾಗೇವಾಡಿಯಲ್ಲಿ ಒಂದು ಖಾನಾವಳಿಗೆ ಖಡಕ್ ರೊಟ್ಟಿ ಬಡಿದುಕೊಡುತ್ತಿದ್ದಳು. ಮದುವೆಗೆ ನೋಡಲು ಬಂದವರು ಅವಳ ಮಾತು ಕೇಳಿ ಚಹಾ ಕುಡಿದು ಹೋಗುತ್ತಿದ್ದರು. ನನಗೂ ಮದುವೆಯಾಗಲಿಲ್ಲ, ಸೇವೆಗೆ ಒಪ್ಪಿಸಿಕೊಂಡವಳು ಎಂದು ಜನ ಅದಕ್ಕೂ ಮರ್ಯಾದೆ ಕೊಟ್ಟರು.

ಕನಸು ನನಗೆ ಬಿದ್ದದ್ದು ಸೇವೆಗೆ ಬಂದ ಎರಡನೆಯ ವರ್ಷ. ಹೊರ್ತಿಯಲ್ಲಿ ಕೂಟ ಮುಗಿಸಿ ಇಂಡಿಯ ಬಸ್ಸು ಹತ್ತಿದ್ದೆ. ಸುಡುವ ಮಧ್ಯಾಹ್ನ. ಅವತ್ತೂ ಹೊರ್ತಿಯ ಹೆಂಗಸರಿಗೆ ಅದೇ ಸಾಕ್ಷಿ ಹೇಳಿ ಬಂದಿದ್ದೆ. ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದೆ. ನೀರು ಬಂತು. ಮಾಳಿಗೆ ಬಂತು. ಮುದುಕಿ ಬೆನ್ನು ಮಾಡಿ ಕೂತಿದ್ದಳು, ಕೈ ಹಿಂದಕ್ಕೆ ಚಾಚಿತ್ತು. ನಾನು ನೀರಿನಲ್ಲಿ ನಡೆದೆ. ಹತ್ತಿರ ಹೋದೊಡನೆ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ನೀ ಯಾರವಾ?" ಎಂದಳು. "ಆಕಿ ಎಲ್ಲಿ?" ನಾನು ಉತ್ತರ ಕೊಡಲು ಬಾಯಿ ತೆರೆದೆ. ನಾಲಿಗೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಿತು. ಕುತ್ತಿಗೆಯ ನರ ಉಬ್ಬಿತು, ದನಿ ಹೊರಡಲಿಲ್ಲ.

ಕಂಡಕ್ಟರ್ ಹೆಗಲು ಅಲ್ಲಾಡಿಸಿ ಎಬ್ಬಿಸಿದ. "ಅಕ್ಕಾರ, ಯಾಕ ಹಿಂಗ ಒದರಾಕತ್ತೀರಿ? ಇಂಡಿ ಬಂತು, ಇಳೀರಿ." ಬಸ್ಸಿನ ಜನವೆಲ್ಲ ತಿರುಗಿ ನೋಡುತ್ತಿದ್ದರು.

ಅಲ್ಲಿಂದ ಅದು ನನ್ನನ್ನು ಬಿಡಲಿಲ್ಲ. ಯಾವ ವಾರ ಸಾಕ್ಷಿ ಹೇಳಿದೆನೋ ಆ ವಾರ ಕನಸು ಬರುತ್ತಿತ್ತು. ಹೇಳುವುದನ್ನು ಬಿಡೋಣವೆಂದರೆ ಜನ ಬಿಡುವವರಲ್ಲ. ಕೊಲ್ಹಾರದ ಸೇತುವೆಯ ಮೇಲೆ ಬಸ್ಸು ಹೋಗುವಾಗ ನಾನು ಕಿಟಕಿಯ ಕಡೆ ಕೂರುತ್ತಿರಲಿಲ್ಲ. ಕೆಳಗೆ ಕೃಷ್ಣೆಯ ಹಿನ್ನೀರು ಸಮುದ್ರದಷ್ಟು ಹರಡಿಕೊಂಡು, ಬಿಸಿಲಿಗೆ ಹೊಳೆಯುತ್ತ, ಏನೂ ಗೊತ್ತಿಲ್ಲದ ಹಾಗೆ ಸುಮ್ಮನೆ ಇರುತ್ತಿತ್ತು. ಅದರ ಅಡಿಯಲ್ಲಿ ಮಾವನ ಮನೆಯ ಗೋಡೆಗಳಿದ್ದವು. ನಾನು ಮುಂದಿನ ಸೀಟಿನ ಕಬ್ಬಿಣ ಹಿಡಿದು ಪ್ರಾರ್ಥನೆ ಮಾಡುತ್ತಿದ್ದೆ. ಯಾರಿಗೆ ಏನೆಂದು ಪ್ರಾರ್ಥಿಸುತ್ತಿದ್ದೆನೋ, ನನಗೇ ತಿಳಿಯದು. ಭಯವಾಗುತ್ತಿತ್ತು, ಅಷ್ಟೇ.

ಇನ್ನೊಂದನ್ನು ಯಾರಿಗೂ ಹೇಳಿರಲಿಲ್ಲ. ಸಾಯುತ್ತಿರುವವರ ಕೈಯನ್ನು ನನಗೆ ಹಿಡಿಯಲು ಆಗುತ್ತಿರಲಿಲ್ಲ. ಪ್ರಾರ್ಥನೆ ಚೆನ್ನಾಗಿ ಮಾಡುತ್ತಿದ್ದೆ. ಓದುತ್ತಿದ್ದೆ, ಮನೆಯವರಿಗೆ ಧೈರ್ಯ ಹೇಳುತ್ತಿದ್ದೆ. ರೋಗಿ ಕೈ ಚಾಚಿದರೆ ಮಾತ್ರ ಚೀಲದಲ್ಲಿ ಏನೋ ಹುಡುಕುವವಳಂತೆ ಮಾಡುತ್ತಿದ್ದೆ. ಆ ಕೈಯೂ ಹಿಂದಕ್ಕೆ ಹೋಗಿ, ನೀ ಯಾರು ಎಂದು ಕೇಳಿಬಿಟ್ಟರೆ ಏನು ಮಾಡಲಿ?

ಮುದ್ದೇಬಿಹಾಳದ ಸಭೆಯಲ್ಲಿ ಒಬ್ಬ ಮುದುಕಿ ಇದ್ದಳು. ದವಾಖಾನೆಯಲ್ಲಿ ಆಯಾ ಆಗಿ ದುಡಿದು ನಿವೃತ್ತಿಯಾದವಳು. ಎಷ್ಟೋ ಹೆರಿಗೆ, ಎಷ್ಟೋ ಸಾವು ನೋಡಿದ್ದವಳಿಗೆ ಮುಚ್ಚುಮರೆ ನಡೆಯುತ್ತಿರಲಿಲ್ಲ. ಹೊಟ್ಟೆಯಲ್ಲಿ ಗಡ್ಡೆಯಾಗಿ ಹಾಸಿಗೆ ಹಿಡಿದಾಗ ನಾನು ಪ್ರತಿ ಶುಕ್ರವಾರ ಹೋಗುತ್ತಿದ್ದೆ. ಒಂದು ದಿನ ನಡು ಪ್ರಾರ್ಥನೆಯಲ್ಲೇ, "ಅಕ್ಕಾರ, ನಿಮ್ಮ ಬಸ್ಸಿಗೆ ಹೊತ್ತಾತೇನ್ರಿ?" ಎಂದಳು. ನಾನು ಗಡಿಯಾರ ನೋಡಿದ್ದನ್ನು ಕಂಡಿದ್ದಳು. ಸೊಸೆ ಬಾಯಿಗೆ ಸೆರಗು ಕೊಟ್ಟು ನಕ್ಕಳು. ನಾನೂ ನಕ್ಕೆ, ಆದರೆ ಒಳಗೊಳಗೆ ಉರಿಯಿತು.

ಮುಂದಿನ ವಾರ ಮುದ್ದೇಬಿಹಾಳದಲ್ಲಿ ಹೆಂಗಸರ ಕೂಟ. ಊಟಕ್ಕೆ ರೊಟ್ಟಿ ತರಲು ಅಕ್ಕನಿಗೆ ಹೇಳಿದ್ದೆ. ಅವಳು ಬಿಳಿ ಬಟ್ಟೆಯಲ್ಲಿ ರೊಟ್ಟಿಯ ಗಂಟು ಕಟ್ಟಿಕೊಂಡು ಬಂದಳು. ಕೂಟ ಮುಗಿದ ಮೇಲೆ ಆಯಾಳ ಮನೆಗೆ ನನ್ನ ಹಿಂದೆಯೇ ಬಂದಳು. ನಾನು ಕುರ್ಚಿಯಲ್ಲಿ ಕೂತೆ. ಅಕ್ಕ ನೇರ ಹೋಗಿ ಹಾಸಿಗೆಯ ಅಂಚಿನಲ್ಲಿ ಕೂತು, ಮುದುಕಿಯ ಕೈಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಯಾರೂ ಹೇಳಿಕೊಟ್ಟಿರಲಿಲ್ಲ. ಮಾತು ಬಾರದಲ್ಲ, ಹಾಡಿದಳು. ಸಣ್ಣ ದನಿಯಲ್ಲಿ, ಮಕ್ಕಳನ್ನು ಮಲಗಿಸುವಾಗ ಹಾಡುವ ಹಾಗೆ. ಮೂರು ದಿನದಿಂದ ನೋವಿಗೆ ಕಣ್ಣು ಮುಚ್ಚದ ಮುದುಕಿ ನಿದ್ದೆ ಹೋದಳು. ನಿದ್ದೆ ಬಂದ ಮೇಲೂ ಅಕ್ಕ ಕೈ ಬಿಡಲಿಲ್ಲ. ಬಾಗೇವಾಡಿಯ ಬಸ್ಸು ತಪ್ಪಿತು, ಮುಂದಿನದಕ್ಕೆ ಹೋದೆವು.

ಮುಂದಿನ ಬುಧವಾರ ಆಯಾಳ ಸೊಸೆ ಎಸ್‌ಟಿಡಿ ಬೂತಿನಿಂದ ನನಗೆ ಫೋನ್ ಮಾಡಿಸಿದಳು. "ಅತ್ತಿ ನಿಮ್ಮಕ್ಕನ್ನ ಕರ್ಯಾಕತ್ತಾರ್ರಿ. ಹಾಡೋ ಅಕ್ಕನ್ನ ಕರಸ್ರಿ ಅಂತ ಒಂದ ಸವನ ಹೇಳ್ತಾರ."

"ಹೇಳ್ತೇನಿ," ಎಂದೆ.

ಹೇಳಲಿಲ್ಲ. ಖಾನಾವಳಿಯಲ್ಲಿ ಫೋನ್ ಇತ್ತು, ಒಂದು ಮಾತು ಸಾಕಿತ್ತು. ಶುಕ್ರವಾರ ನಾನೊಬ್ಬಳೇ ಹೋದೆ. ಮುದುಕಿ ನನ್ನ ಹಿಂದೆ ಬಾಗಿಲ ಕಡೆ ನೋಡಿದಳು. "ಆಕಿಗೆ ಕೆಲಸ ಭಾಳ ಐತ್ರಿ, ಬರಾಕ ಆಗವಲ್ದು," ಎಂದೆ. ಸೋಮವಾರ ಸೊಸೆ ಮತ್ತೆ ಫೋನ್ ಮಾಡಿದಳು, ಅದೇ ಸುಳ್ಳು. ಏಕೆ ಹಾಗೆ ಮಾಡಿದೆ ಎಂದು ಈಗ ಕೇಳಿದರೆ ನೆಟ್ಟಗೆ ಹೇಳುತ್ತೇನೆ: ಅಕ್ಕ ಇನ್ನೊಂದು ಸಲ ಆ ಹಾಸಿಗೆಯ ಅಂಚಿನಲ್ಲಿ ಕೂತರೆ ಕರೆ ಯಾರದು ಎನ್ನುವುದು ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಆಗ ನನಗೆ ನಾನೇ ಬೇರೆ ಕಾರಣ ಕೊಟ್ಟುಕೊಂಡೆ. ತರಬೇತಿ ಆದವಳು ನಾನು, ಇವತ್ತು ಇವರಿಗೆ, ನಾಳೆ ಇನ್ನೊಬ್ಬರಿಗೆ ಎಂದು ಅಕ್ಕನನ್ನು ಎಳೆದಾಡುವುದು ಸರಿಯಲ್ಲ, ಇತ್ಯಾದಿ.

ಅದೇ ವಾರ, ಗುರುವಾರ ಮುಂಜಾನೆ ಮುದುಕಿ ತೀರಿಕೊಂಡಳು. ಮೊದಲು ಕರೆದ ದಿನದಿಂದ ಎಂಟು ದಿನ. "ಕಡೀತನಕ ಬಾಗಲಾನ ನೋಡಿದ್ರು ನೋಡ್ರಿ," ಎಂದಳು ಸೊಸೆ, ನನ್ನನ್ನು ದೂರುವ ದನಿಯೇನೂ ಅದರಲ್ಲಿ ಇರಲಿಲ್ಲ. ಅಂತ್ಯಕ್ರಿಯೆಯ ಪ್ರಾರ್ಥನೆಯಲ್ಲಿ ಹೆಂಗಸರ ಕಡೆಯಿಂದ ನಾನೇ ಮಾತಾಡಿದೆ. ಮಣ್ಣು ಮಾಡಿ ಬಂದ ಮೇಲೆ ಬೇರೆ ಊರಿಂದ ಬಂದಿದ್ದ ನೆಂಟರು ಅಂಗಳದಲ್ಲಿ ಕೂತಿದ್ದರು. ಅವರಲ್ಲಿ ಒಬ್ಬಾಕೆ ನನ್ನನ್ನು ಕಂಡು, "ಅಕ್ಕಾರ, ನಿಮಗ ಕರೆ ಹ್ಯಾಂಗ ಬಂತ್ರಿ?" ಎಂದಳು. ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ಕನಸಿನಲ್ಲಿ ಆದ ಹಾಗೆಯೇ, ಹಗಲು ಹೊತ್ತಿನಲ್ಲಿ, ಅಷ್ಟು ಜನರ ಎದುರು, ಮೊದಲ ಅಕ್ಷರ ಗಂಟಲಲ್ಲೇ ನಿಂತಿತು. ದುಃಖಕ್ಕೆ ಹೀಗಾಗಿದೆ ಎಂದು ಯಾರೋ ನೀರು ಕೊಟ್ಟರು. ಚೊಂಬು ಕೆಳಗಿಟ್ಟು ಎದ್ದುಬಿಟ್ಟೆ.

ಮರುದಿನ ಮಧ್ಯಾಹ್ನ ಬಾಗೇವಾಡಿಗೆ ಹೋದೆ. ಅವ್ವ ಓಣಿಯಲ್ಲಿ ಎಲ್ಲೋ ಮಾತಿಗೆ ಕೂತಿದ್ದಳು. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಕೈಕಾಲು ತೊಳೆಯದೆ ಅವಳ ಎದುರು ಕೂತು, ಸಿಂದಗಿಯಿಂದ ಶುರು ಮಾಡಿದೆ. ಹನ್ನೆರಡು ವರ್ಷದ ಹಿಂದಿನ ಮಾತು. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ. ತಪ್ಪಾಯಿತು ಎಂದೆ. ಒಂದು ರೊಟ್ಟಿ ಹಂಚಿಗೆ ಹಾಕಿ, ಇನ್ನೊಂದು ಉಂಡೆ ತೆಗೆದುಕೊಂಡಳು.

"ಸಾಲಿ ಮಾತು ಬಿ... ಬಿಡು," ಎಂದಳು. "ಈ ನಾಲಿಗಿ ತೊಗೊಂಡು ಹೋಗಿದ್ರ ಆ... ಆರ ತಿಂಗಳಕ್ಕ ವಾಪಸ್ ಕಳಸ್ತಿದ್ರು. ಅದನ್ನ ನಾ ಅವತ್ತ ಬಸ್ಸಿನಾಗ ಬಿಟ್ಟೆ."

ನನಗೆ ಎದೆ ಹಗುರವಾಗಬೇಕು, ಅಷ್ಟರಲ್ಲಿ ಅವಳೇ ಮುಂದುವರಿಸಿದಳು. ನಾನು ನಡುವೆ ಬಾಯಿ ಹಾಕಲಿಲ್ಲ. "ಆದ್ರ ಆ ಕ... ಕನಸು ಮತ್ತ ಬರಲಿಲ್ಲ. ನೀ ಹೇಳಿದ ದಿನದಿಂದ ಒಮ್ಮೆನೂ ಬರಲಿಲ್ಲ. ದಿನಾ ಮಲಗುಮುಂದ ಇವತ್ತ ಬರ್ತೈತಿ ಅಂತ ಕಾದೆ. ಎಷ್ಟು ವರ್ಷ ಕಾದೆ. ಆಮ್ಯಾಲ ತಿಳೀತು. ದೇವರಿಗೆ ನಾ ಬ್ಯಾ... ಬ್ಯಾಡಾದೆ."

ಇಷ್ಟು ಹೇಳಲು ಅವಳಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ ಹಂಚಿನ ಮೇಲಿನ ರೊಟ್ಟಿ ಕರಿದಾಯಿತು. ನಾನು ಶಾಲೆಯ ಸೀಟಿನ ಬಗ್ಗೆ, ಟ್ರಂಕಿನ ಬಗ್ಗೆ, ಅವಳಿಗಾಗದ ಮದುವೆಯ ಬಗ್ಗೆ ಬೈಸಿಕೊಳ್ಳಲು ಸಿದ್ಧವಾಗಿ ಬಂದಿದ್ದೆ. ಇದಕ್ಕೆ ಸಿದ್ಧಳಾಗಿರಲಿಲ್ಲ. ಹನ್ನೆರಡು ವರ್ಷ ಇವಳು ಹಾಡಿದ್ದೆಲ್ಲ ತನ್ನನ್ನು ಬೇಡವೆಂದ ದೇವರ ಮುಂದೆ ಹಾಡಿದ್ದೇ?

"ಅದು ನನಗ ಬರ್ತೈತಿ ಅಕ್ಕ," ಎಂದೆ.

ಅವಳ ಕೈ ನಿಂತಿತು. ನೋಡಿದಳು. ಅಷ್ಟು ವರ್ಷದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಸಿಟ್ಟು ಕಂಡೆ. "ಕನಸನ್ನೂ ತೊ... ತೊಗೊಂಡಿ?"

"ನನಗ ಕೈ ಕೊಡಂಗಿಲ್ಲ ಆಕಿ. ನಾ ಹ್ವಾದ್ರ ಕೈ ಹಿಂದಕ್ಕ ತೊಗೋತಾಳ. ಆಕಿ ಎಲ್ಲಿ ಅಂತ ಕೇಳ್ತಾಳ. ನಿನ್ನ ಕೇಳ್ತಾಳ ಅಕ್ಕ, ಬಂದಾಗೊಮ್ಮೆ ನಿನ್ನ ಕೇಳ್ತಾಳ."

ಅಕ್ಕ ಹಿಟ್ಟಿನ ಕೈಯನ್ನು ಹಾಗೇ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಕಣ್ಣಲ್ಲಿ ನೀರು ತುಂಬಿ ಬಂತು, ತುಟಿ ಮಾತ್ರ ನಗುತ್ತಿತ್ತು. "ನನ್ನ?" ಎಂದಳು. "ನನ್ನ ಕೇ... ಕೇಳ್ತಾಳ?" ಎಂದು ಮತ್ತೆ ಕೇಳಿದಳು. ಸಣ್ಣ ಹುಡುಗಿಯ ಮುಖವಾಗಿತ್ತು ಅದು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯವಳಾಗಿ ಎದ್ದು ಹೋಗಬಹುದಿತ್ತು. ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ.

"ಕನಸಿನಾಗ ಅಷ್ಟ ಅಲ್ಲ," ಎಂದೆ. "ಮುದ್ದೇಬಿಹಾಳದ ಆಯಾನೂ ನಿನ್ನ ಕರದಾಳ. ಎಂಟ ದಿನದಿಂದ ಕರದಾಳ. ನಾ ನಿನಗ ಹೇಳಲಿಲ್ಲ."

ಅಕ್ಕ ತಟ್ಟನೆ ಎದ್ದಳು. ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದು ನೀರು ಚಿಮುಕಿಸಿದಳು, ಹಿಟ್ಟಿನ ಬುಟ್ಟಿಗೆ ಮುಚ್ಚಳ ಹಾಕಿದಳು, ಗೂಟಕ್ಕಿದ್ದ ಒಳ್ಳೆಯ ಸೀರೆಯನ್ನು ಎಳೆದುಕೊಂಡಳು. "ಇದನ್ನ ಕುಂ... ಕುಂತು ಹೇಳ್ತಾರೇನು? ಏಳು. ನಾಕರ ಬಸ್ಸು ಸಿಗತೈತಿ." ನಾನು ಏಳಲಿಲ್ಲ. ಅವಳು ಒಳಗೆ ಹೋಗಿ ಸೀರೆ ಉಟ್ಟು ಬಂದಳು. ಅವ್ವನಿಗೆ ಹೇಳಲು ಪಕ್ಕದ ಮನೆಯ ಕಿಟಕಿಗೆ ಕೂಗಿದಳು. ಚಪ್ಪಲಿ ಮೆಟ್ಟಿದಳು. ಹೊಸ್ತಿಲ ಆಚೆ ನಿಂತು, ನಾನು ಇನ್ನೂ ಒಲೆಯ ಮುಂದೆಯೇ ಕೂತಿರುವುದನ್ನು ನೋಡಿ, "ಲಗೂ ಬಾ," ಎಂದಳು.

"ನಿನ್ನೆ ಮಣ್ಣ ಮಾಡಿದ್ವಿ ಅಕ್ಕ," ಎಂದೆ.